ನೂಲು ಇಳಿಯುವ ಹಜಾರ

"ಇವತ್ತು ಗಾಳಿ ಯಾವ ಕಡೆಯಿಂದಪ್ಪಾ?"

ಕೇಳಿದ್ದು ಯಾರನ್ನೂ ಅಲ್ಲ. ವಿಜಯಪುರದ ಪೇಟೆ ಬೀದಿಗೆ ಇನ್ನೂ ಬೆಳಕು ಹರಿದಿಲ್ಲ. ಎದುರಿನ ಹೋಟೆಲಿನವರು ಒಲೆ ಹೊತ್ತಿಸುತ್ತಿದ್ದಾರೆ, ಅಷ್ಟೆ. ಬಾಗಿಲು ಕಾಯುವ ಮುನಿರತ್ನಮ್ಮ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ. ಅದು ಬಸ್ ಸ್ಟ್ಯಾಂಡಿನ ಕಡೆಗೆ ತುಸು ವಾಲುತ್ತದೆ. "ಬೀದಿ ಕಡೆಯಿಂದ್ಲೇ," ಎಂದು ತಮಗೆ ತಾವೇ ಹೇಳಿಕೊಂಡು, ಎರಡಾಳೆತ್ತರದ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಾರೆ. ಆಮೇಲೆ ಹಿಂಬಾಗಿಲು. ಐದು ಮಾಳಿಗೆಯ ಕೆಳಗಿನ ಹಜಾರ ಊರಿಗೆ ತೆರೆದುಕೊಳ್ಳುತ್ತದೆ.

'ಐದು ಮಾಳಿಗೆ' ಎಂಬುದೇ ಕಟ್ಟಡದ ಹೆಸರು, ಬೋರ್ಡೇನೂ ಇಲ್ಲ. ಸುತ್ತ ಹೆಂಚಿನ ಮನೆಗಳಷ್ಟೇ ಇದ್ದ ಕಾಲದಲ್ಲಿ, ರೇಷ್ಮೆ ನೂಲಿಗೆ ಹುರಿ ಹಾಕಿಸುತ್ತಿದ್ದ ಸಾಹುಕಾರರೊಬ್ಬರು ಕಟ್ಟಿಸಿದ್ದು. ದೇವನಹಳ್ಳಿ ಕಡೆಯಿಂದ ಬರುವವರಿಗೆ ಊರಿಗಿಂತ ಮೊದಲು ಇದು ಕಾಣುತ್ತಿತ್ತಂತೆ. ಈಗ ವಿಮಾನ ನಿಲ್ದಾಣದ ಸುತ್ತ ಎದ್ದಿರುವ ಕಟ್ಟಡಗಳ ಮುಂದೆ ಇದು ಮೊಣಕಾಲೆತ್ತರ. ಆದರೆ ಆ ಕಟ್ಟಡಗಳೊಳಗೆ ಹೋಗಿ ಸುಮ್ಮನೆ ಕೂರಲು ಯಾರಿಗೂ ಆಗುವುದಿಲ್ಲ. ಇಲ್ಲಿ ಆಗುತ್ತದೆ. ಪೇಟೆಯವರು ಮುಂಬಾಗಿಲಲ್ಲಿ ಹೊಕ್ಕು ಹಿಂಬಾಗಿಲಲ್ಲಿ ಬಸ್ಸಿಗೆ ಹೊರಡುತ್ತಾರೆ. ರೇಷ್ಮೆಗೂಡಿನ ಮೂಟೆ ತಂದ ರೈತರು ಕಂಬಕ್ಕೊರಗಿ ಬೆವರು ಆರಿಸಿಕೊಳ್ಳುತ್ತಾರೆ. ಕೆಂಪು ಗಾರೆಯ ನೆಲ ಬೇಸಿಗೆಯಲ್ಲೂ ತಣ್ಣಗಿದೆ. ನಡುಮಧ್ಯೆ ನಿಂತು ತಲೆ ಎತ್ತಿದರೆ, ತಲೆಕೆಳಗಾದ ಬಾವಿಯಂಥ ಖಾಲಿ ಜಾಗ ಐದೂ ಮಹಡಿಗಳನ್ನು ಸೀಳಿಕೊಂಡು ಮೇಲಿನ ಗಾಜಿನವರೆಗೆ ಹೋಗಿದೆ.

ಇಷ್ಟು ಜಾಗವನ್ನು ಯಾಕೆ ಖಾಲಿ ಬಿಟ್ಟರು? ಉತ್ತರ ಸಿಗಬೇಕಾದರೆ ಹೊತ್ತು ಮೂಡುವ ಮೊದಲೇ ಅಲ್ಲಿರಬೇಕು.

ಇವತ್ತು ಹುರಿ ಮಿಷನ್ನಿನ ಬೈರಣ್ಣ ನೂಲಿನ ಲಡಿ ಹಿಡಿದು ಬಂದಿದ್ದಾರೆ. ಕೊಳ್ಳಲು ದೊಡ್ಡಬಳ್ಳಾಪುರದಿಂದ ಮಗ್ಗದ ಬೀರೇಶ್ ಬಂದಿದ್ದಾರೆ. ಮುನಿರತ್ನಮ್ಮ ಲಡಿಯಿಂದ ಒಂದೆಳೆ ಬಿಡಿಸಿ ಸುತ್ತಿಕೊಂಡು, ತುದಿಗೆ ಕಟ್ಟಬೇಕಾದ ಹಿತ್ತಾಳೆ ಗುಂಡನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತುತ್ತಾರೆ. ಅರವತ್ತು ದಾಟಿದ ಕಾಲು. ಆದರೂ ನಡುವೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಮೇಲಿನಿಂದ ದನಿ ಬರುತ್ತದೆ: "ಮರೆ ನಿಂತ್ಕೊಳ್ರಪ್ಪೋ!"

ಹಜಾರದಲ್ಲಿದ್ದವರೆಲ್ಲ ಎದ್ದು ಬಾಗಿಲುಗಳಿಗೆ ಹೋಗುತ್ತಾರೆ. ಗಾಳಿ ಬೀದಿಯದ್ದಾದ್ದರಿಂದ ಮುಂಬಾಗಿಲಿಗೆ ಹೆಚ್ಚು ಜನ. ಹೆಗಲಿಗೆ ಹೆಗಲು ಕೊಟ್ಟು, ಹೆಂಗಸರು ಸೆರಗು ಅಗಲಿಸಿ, ಗಂಡಸರು ಟವಲು ಹರಡಿ ಗಾಳಿಗೆ ಅಡ್ಡ ನಿಲ್ಲುತ್ತಾರೆ. ಬಸ್ಸಿಗೆ ಹೊರಟಿದ್ದ ಕಂಡಕ್ಟರ್ ಕೆಂಪರಾಜ್ ಕೂಡ ಸಿಕ್ಕಿಬಿದ್ದಿದ್ದಾರೆ.

"ಲೇ ಕೆಂಪರಾಜ, ನೀನೊಬ್ಬ ನಿಂತ್ರೆ ಸಾಕು ಕಣೋ, ಬಾಗಿಲೇ ಬೇಡ," ಎಂದು ಯಾರೋ ಅವರ ಹೊಟ್ಟೆ ನೋಡಿ ಹೇಳುತ್ತಾರೆ.

"ನಗು ಗುರು, ನಗು. ನಾಳೆ ನನ್ನ ಬಸ್ಸಿಗೇ ತಾನೇ ಬರೋದು ನೀನು?"

ನೂಲು ಇಳಿಯತೊಡಗಿದಂತೆ ನಗು ನಿಲ್ಲುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ. ಗುಂಡು ಮಾತ್ರ ತಾನಾಗಿ ಆಕಾಶದಿಂದ ಇಳಿದಂತೆ ಬರುತ್ತದೆ. ಪದ್ಯ ಹೇಳುವವರು ಕೊನೆಯ ಚರಣವನ್ನು ಎಳೆದು ಥಟ್ಟನೆ ಬಿಟ್ಟಾಗ ಸಭೆ ಉಸಿರು ಹಿಡಿಯುತ್ತದಲ್ಲ, ಅಂಥ ಮೌನ. ನೆಲಕ್ಕೆ ಗೇಣಿರುವಾಗ ಗುಂಡು ನಿಲ್ಲುತ್ತದೆ. ಹುರಿ ಚೆನ್ನಾಗಿ ಕೂತಿದ್ದರೆ ಅದು ಹಾಗೇ ಇರಬೇಕು. ಕೂತಿಲ್ಲದಿದ್ದರೆ, ಇಷ್ಟುದ್ದದ ಎಳೆ ಬಿಚ್ಚಿಕೊಳ್ಳಲು ನೋಡುತ್ತದೆ; ಗುಂಡು ತಿರುಗುತ್ತದೆ. ಗಿಡ್ಡ ಎಳೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಆ ಎತ್ತರ ಬೇಕಾದದ್ದು ಅದಕ್ಕೆ.

ಗುಂಡು ಮೆಲ್ಲಗೆ, ನಾಚಿಕೊಂಡಂತೆ, ತಿರುಗುತ್ತದೆ.

"ಹುರಿ ಕೂತಿಲ್ಲ, ಆವಿಗೆ ಇನ್ನೊಂದ್ಸಲ ಇಡ್ಬೇಕು," ಎಂದು ಬೈರಣ್ಣ ತಾವೇ ಒಪ್ಪಿಕೊಳ್ಳುತ್ತಾರೆ. ವಾದವಿಲ್ಲ. ಮೂಟೆ ಮೇಲೆ ಕೂತಿದ್ದ ಅಜ್ಜಿಯೂ ನೋಡಿದ ಮೇಲೆ ವಾದಿಸುವುದೇನು?

"ಇದಕ್ಕೇ ಬಾಗಿಲು ಹಾಕ್ಬಾರ್ದು ಅಂದಿದ್ದು ದೊಡ್ಡ ಸಾಹುಕಾರ್ರು," ಎನ್ನುತ್ತಾರೆ ಕೆಳಗಿಳಿದು ಬಂದ ಮುನಿರತ್ನಮ್ಮ. "ಬಾಗಿಲು ಹಾಕಿದ್ರೆ ಗಾಳಿನೇ ಇರಲ್ಲ, ಸುಲಭ. ಆದ್ರೆ ಒಳಗೇನ್ ಮಾಡ್ಕೊಂಡ್ರೋ ಅಂತಾರೆ ಜನ. ಗಾಳಿಗೆ ಜನಾನೇ ಅಡ್ಡ ನಿಲ್ಲಲಿ, ಅವ್ರ ಕಣ್ಣೆದುರೇ ಆಗ್ಲಿ ಅಂತ."

ಮೊದಲೆಲ್ಲ ಮೇಲಿನಿಂದ ನೂಲು ಬಿಡುತ್ತಿದ್ದವರು ಅವರ ಗಂಡ ಜವರಪ್ಪ. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದೆ ಈಗ ಅವರು ಹಜಾರದ ಹಿಂದಿನ ತಮ್ಮ ರೂಮಿನ ಮುಂದೆ ಕುರ್ಚಿ ಹಾಕಿಕೊಂಡು, ಗುಂಡು ಇಳಿಯುವ ವೇಗದ ಬಗ್ಗೆ ತಕರಾರು ತೆಗೆಯುತ್ತಾರೆ. ಹೆಂಡತಿ ಮೊದಲು ಮೇಲೆ ಹತ್ತಿದಾಗ ಕೆಲವು ವ್ಯಾಪಾರಸ್ಥರು, ಹೆಂಗಸು ಬಿಟ್ಟ ನೂಲನ್ನು ಒಪ್ಪುವುದಿಲ್ಲ ಎಂದಿದ್ದರು. "ಹಂಗಾದ್ರೆ ನೀವೇ ಹತ್ತಿ ಅಂದೆ," ಎಂದು ಮುನಿರತ್ನಮ್ಮ ನಗುತ್ತಾರೆ. "ಒಬ್ರು ಹೊರಟ್ರು. ಮೂರನೇ ಮಾಳಿಗೇಲಿ ಕೂತ್ಬಿಟ್ರು. ನೀರು ತಗೊಂಡು ಹೋಗಿ ಇಳಿಸ್ಕೊಂಡು ಬಂದ್ವಿ. ಆಮೇಲೆ ಯಾರೂ ಮಾತಾಡ್ಲಿಲ್ಲ."

ಈಚೆಗೆ ನೂಲು ಪರೀಕ್ಷೆಗೆ ಬರುವವರು ಕಡಿಮೆ. ಮಿಷನ್ನುಗಳೇ ಹುರಿಯ ಲೆಕ್ಕ ಹೇಳುತ್ತವೆ. ಹಜಾರಕ್ಕೆ ಬರುವವರು ಮಾತ್ರ ಕಡಿಮೆಯಾಗಿಲ್ಲ. ದಿನಕ್ಕೆ ಎಷ್ಟು ಜನ ಎಂದು ಕೇಳಿದರೆ ಮುನಿರತ್ನಮ್ಮ ಕೈಯಾಡಿಸುತ್ತಾರೆ: "ಎಣಿಸ್ಬಾರ್ದು. ದೃಷ್ಟಿಯಾಗ್ತದೆ."

ಹಗಲಲ್ಲಿ ಈ ಬಾಗಿಲು ಹಾಕಿದ್ದನ್ನು ಊರು ಕಂಡಿಲ್ಲ. ದೊಡ್ಡ ಸಾಹುಕಾರರು ತೀರಿಕೊಂಡ ದಿನ ದೇಹವನ್ನು ಇಲ್ಲೇ ಒಂದು ಪಕ್ಕಕ್ಕೆ ಮಲಗಿಸಿದ್ದರು; ಬಸ್ಸಿಗೆ ಹೋಗುವವರು ಚಪ್ಪಲಿ ಕೈಲಿ ಹಿಡಿದು, ನಮಸ್ಕಾರ ಮಾಡಿ ದಾಟಿದರು. ಲಾಕ್‌ಡೌನಿನಲ್ಲೂ ಮುನಿರತ್ನಮ್ಮ ಬಾಗಿಲು ತೆರೆದು ಒಬ್ಬರೇ ಕೂರುತ್ತಿದ್ದರು. "ಪೊಲೀಸ್ನೋರು ಬಂದು, ಯಾರಿಗಮ್ಮ ತೆಗ್ದಿದೀಯ ಅಂದ್ರು. ಯಾರಿಗೂ ಇಲ್ಲ ಸ್ವಾಮಿ, ತೆಗ್ದಿದೀನಿ ಅಷ್ಟೆ ಅಂದೆ."

ಮಗಳು ಶಿಲ್ಪಳ ಇಂಟರ್‌ವ್ಯೂಗೆಂದು ಒಮ್ಮೆ ಬೆಂಗಳೂರಿನ ದೊಡ್ಡ ಕಟ್ಟಡಕ್ಕೆ ಜೊತೆಗೆ ಹೋಗಿದ್ದರು. ಆ ಕಥೆಯನ್ನು ಈಗಲೂ ಬೆರಗಿನಿಂದ ಹೇಳುತ್ತಾರೆ. "ಹಜಾರ ಅಂದ್ರೆ ಹಜಾರ! ನಮ್ದು ನಾಲ್ಕು ಹಿಡಿಸ್ತದೆ. ಹೂವಿನ ಕುಂಡ, ಸೋಫಾ, ಎಲ್ಲಾ ಇದೆ, ಒಬ್ರೂ ಕೂತಿಲ್ಲ. ಕಾರ್ಡ್ ಒತ್ತಿದ್ರೆ ಗೇಟು ತೆರ್ಕೊಳ್ತದೆ. ಕೂತ್ಕೊಳ್ಲಾ ಅಂದ್ರೆ ಕೂರಂಗಿಲ್ಲ ಅಂದ್ರು. ಮತ್ತೆ ಸೋಫಾ ಯಾಕಿಟ್ಟಿದೀರಪ್ಪಾ ಅಂದೆ. ಆ ಸೆಕ್ಯೂರಿಟಿ ಹುಡ್ಗ, ಪಾಪ, ನಂಗೂ ಗೊತ್ತಿಲ್ಲಮ್ಮ ಅಂದ."

ಆ ಗೇಟು ಈಗ ವಿಜಯಪುರಕ್ಕೂ ಬರುವ ಹಾಗಿದೆ. ಐದು ಮಾಳಿಗೆ ಈಗ ಸಾಹುಕಾರರ ಮೊಮ್ಮಗ ಭಾನುಪ್ರಕಾಶ್ ಅವರದು. ಮೇಲಿನ ಗಾಜು ಬಿರುಕು ಬಿಟ್ಟಿದೆ, ಎರಡು ತೊಲೆಗಳಿಗೆ ಗೆದ್ದಲು. ಹೋಟೆಲ್ ಕಂಪನಿಯೊಂದು ಕಟ್ಟಡವನ್ನು ಲೀಸಿಗೆ ಕೇಳುತ್ತಿದೆ. ರಿಪೇರಿಯೆಲ್ಲ ಅವರದೇ, ಆದರೆ ಹಜಾರ ಅಲ್ಲಿ ಉಳಿಯುವ ಅತಿಥಿಗಳಿಗೆ ಮಾತ್ರ. "ಅಜ್ಜನ ಮಾತು ನನಗೂ ಗೊತ್ತು," ಎನ್ನುತ್ತಾರೆ ಭಾನುಪ್ರಕಾಶ್. "ಆದ್ರೆ ಇನ್ನೆರಡು ಮಳೆಗಾಲ ಹೋದ್ರೆ ಹಜಾರನೇ ಇರಲ್ಲ. ಬಿದ್ದೋದ್ ಮೇಲೆ ಯಾರಿಗೆ ತೆಗೀತೀರಾ?" ಸುಳ್ಳು ಮಾತಲ್ಲ. ತೊಲೆಯ ಪುಡಿ ಪ್ರತಿದಿನ ಬೆಳಿಗ್ಗೆ ಮುನಿರತ್ನಮ್ಮನ ಪೊರಕೆಗೇ ಸಿಗುತ್ತದೆ.

ಬಿಸಿಲೇರುವ ಹೊತ್ತಿಗೆ ಭಾನುಪ್ರಕಾಶ್ ಅವರೇ ಬರುತ್ತಾರೆ. ಚಪ್ಪಲಿ ಬಿಟ್ಟು ಕಂಬದ ಬುಡದಲ್ಲಿ ಕೂತು, ಹೇಗೆ ಶುರುಮಾಡಲಿ ಎಂಬಂತೆ ನೆಲ ಸವರುತ್ತಾರೆ. ಮುನಿರತ್ನಮ್ಮ ಕಾಫಿ ತಂದುಕೊಡುತ್ತಾರೆ.

"ರತ್ನಮ್ಮಾ, ಸೋಮವಾರ ಕಂಪನಿಯೋರು ನೋಡೋಕೆ ಬರ್ತಾರೆ. ಒಂದೇ ಒಂದು ಬೆಳಿಗ್ಗೆ ಬಾಗಿಲು ಹಾಕಿರಿ. ಜನ ಓಡಾಡೋದು ಕಂಡ್ರೆ, ಇದು ದಾರಿ ಅಂದ್ಕೊಂಡು ಹಿಂದೆ ಸರೀತಾರೆ."

"ದಾರಿನೇ ತಾನೇ ಚಿಕ್ಕೆಜಮಾನ್ರೇ?"

"ಅವ್ರು ಹೋದ್ಮೇಲೆ ತೆಗೀರಿ. ನಾನೇನು ಬೇಡ ಅಂತೀನಾ? ಅರ್ಧ ದಿನ ಅಷ್ಟೆ."

ಕುರ್ಚಿಯಲ್ಲಿದ್ದ ಜವರಪ್ಪ ಹೆಂಡತಿಯ ಮುಖ ನೋಡುತ್ತಾರೆ. ಆ ಹಿಂದಿನ ರೂಮು ಬಿಟ್ಟರೆ ಇವರಿಗೆ ಬೇರೆ ಸೂರಿಲ್ಲ. ಹಜಾರದಲ್ಲಿ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂಬಾಗಿಲ ಕಡೆಗೆ ದಾಟಿ ಹೋಗುತ್ತಾಳೆ. ಮುನಿರತ್ನಮ್ಮ ಆಕೆಗೆ ದಾರಿ ಬಿಟ್ಟು, ಭಾನುಪ್ರಕಾಶ್ ಕಡೆಗೆ ತಿರುಗುತ್ತಾರೆ.

"ಸಂಬಳ ಕೊಡೋರು ನೀವು, ರೂಮು ನಿಮ್ದು. ಬೇಕಾದ್ರೆ ನನ್ನ ಬಿಡಿಸಿ, ಬೇರೆಯೋರನ್ನ ಇಟ್ಕೊಳಿ, ಬೇಜಾರಿಲ್ಲ. ಆದ್ರೆ ಒಂದ್ ಬೆಳಿಗ್ಗೆ ಹಾಕಿದ್ರೆ, ಈ ಬಾಗಿಲು ಹಾಕೋಕೆ ಬರ್ತದೆ ಅಂತ ಊರಿಗೂ ಗೊತ್ತಾಗ್ಬಿಡ್ತದೆ, ನಿಮಗೂ ಗೊತ್ತಾಗ್ಬಿಡ್ತದೆ. ನಾನು ಹಾಕಲ್ಲ ಕಣಪ್ಪಾ."