ಚಾಚಾ ಬಿಟ್ಟುಕೊಟ್ಟ ಜಾಗ

ಚಾಚಾ ಅವರ ಬಿಳಿ ಗಡ್ಡದಲ್ಲಿ ಸದಾ ಕಬ್ಬಿಣದ ಪುಡಿ ಮಿನುಗುತ್ತಿತ್ತು. ದಾಂಡೇಲಿಯ ಕಟ್ಟಿಗೆ ಮಿಲ್ಲಿನಲ್ಲಿ ಗರಗಸದ ಹಲ್ಲುಗಳನ್ನು ಅರದಿಂದ ಉಜ್ಜಿ ಹರಿತ ಮಾಡುವುದು ಅವರ ಕೆಲಸ; ಮಿಲ್ಲಿನವರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು. ಉಜ್ಜಿದ ಮೇಲೆ ಅಲಗಿಗೆ ಬೆರಳಿನಿಂದ ಒಮ್ಮೆ ತಟ್ಟಿ, ಕಿವಿಗೊಟ್ಟು ಕೇಳುವರು. ನಾದ ಸರಿಯಿಲ್ಲದಿದ್ದರೆ, "ಇದಕ್ಕ ಇನ್ನೂ ನೆಗಡಿ ಐತಿ" ಎಂದು ಮತ್ತೆ ಅರ ಹಿಡಿಯುವರು.

ನಾನು ಹಳಿಯಾಳದ ಕಡೆಯ ಹಳ್ಳಿಯವನು. ಅರವತ್ತರ ದಶಕದ ಆರಂಭದಲ್ಲಿ ಅದೇ ಮಿಲ್ಲಿನ ದೊಡ್ಡ ಗರಗಸದ ಮುಂದೆ ನಿಂತು ದಿಮ್ಮಿ ಕೊಯ್ಯುತ್ತಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕುಳಗಿ ಕಾಡಿನಿಂದ ಬಂದ ಸಾಗವಾನಿ ದಿಮ್ಮಿಯೊಂದು ಲಾರಿಯಿಂದ ಇಳಿಸುವಾಗ ಉರುಳಿ ನನ್ನ ಬಲಗಾಲಿನ ಮೇಲೆ ಬಿತ್ತು. ಮೂರು ತಿಂಗಳ ನಂತರ ಕೋಲೂರಿಕೊಂಡು ಮಿಲ್ಲಿಗೆ ಹೋದೆ.

ಮ್ಯಾನೇಜರರು ಒಂದು ಕಾಗದ ಮುಂದಿಟ್ಟರು. "ಇಲ್ಲಿ ಸಹಿ ಮಾಡು. ನಿನಗ ಇನ್ನ ನಿಲ್ಲಾಕ ಆಗೂದಿಲ್ಲ. ಊರಿಗೆ ಹೋಗಿ ಹೊಲ ನೋಡ್ಕೊ."

ನಮಗೆ ಹೊಲವಿರಲಿಲ್ಲ. ಆದರೂ ಪೆನ್ನು ಎತ್ತಿಕೊಂಡೆ. ಬಾಗಿಲಲ್ಲಿ ಚಾಚಾ ಬಂದು ನಿಂತಿದ್ದರು.

"ತಮ್ಮಾ, ನನಗ ಅಕ್ಷರ ಬರೂದಿಲ್ಲ. ಅದನ್ನ ಸ್ವಲ್ಪ ಜೋರಾಗಿ ಓದು."

"ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ" ಎಂದು ಓದಿದೆ.

"ಬಿಡೂ ಇಚ್ಛಾ ಐತೇನು ನಿನಗ?"

"ಇಲ್ರಿ."

"ಹಂಗಾರ ಪೆನ್ನು ಕೆಳಗ ಇಡು."

ಆಮೇಲೆ ಮ್ಯಾನೇಜರರ ಕಡೆ ತಿರುಗಿದರು. "ಸಾಹೇಬ್ರ, ಇವನ ಕಾಲು ಮುರದದ್ದು ಮಿಲ್ಲಿನ ಕೆಲಸದಾಗ. ಕುಂತು ದುಡೀಬಹುದು ಅಂತ ಡಾಕ್ಟರ್ ಚೀಟಿ ಕೊಟ್ಟಾರ. ಕಾರ್ಮಿಕ ಅಧಿಕಾರಿ ಬಂದಾಗ ಅದನ್ನ ತೋರಿಸಿ ಕೇಳೂಣು, ಇಂಥವನನ್ನ ತಗದಹಾಕೂದು ಕಾಯ್ದೆಕ್ಕ ಒಪ್ತೈತೋ ಇಲ್ಲೋ ಅಂತ."

ಮ್ಯಾನೇಜರರ ದನಿ ಇಳಿಯಿತು. "ಕುಂತು ಮಾಡೂ ಕೆಲಸ ಇರೂದು ನಿಮ್ಮದೊಂದ. ಅದನ್ನ ಬಿಟ್ಟುಕೊಡ್ತೀರೇನು?"

"ಕೊಡ್ತೇನಿ. ಇವನ ಕಾಲು ಗಟ್ಟಿ ಆಗೂತನಕ ಗರಗಸದ ಮುಂದ ನಾ ನಿಲ್ತೇನಿ. ಆಮ್ಯಾಲೆ ಇವನ ಜಾಗ ಇವಗ, ನನ್ನ ಜಾಗ ನನಗ."

ಅವರಿಗಾಗ ಐವತ್ತೈದು ದಾಟಿತ್ತು. ಮಳೆಗಾಲವಿಡೀ ಅವರು ನಿಂತರು, ನಾನು ಅವರ ಮಣೆಯ ಮೇಲೆ ಕುಳಿತೆ. ನಾನು ಕೆಡಿಸಿದ ಹಲ್ಲುಗಳನ್ನು ಊಟದ ಬಿಡುವಿನಲ್ಲಿ ಬಂದು ತಿದ್ದಿಕೊಡುತ್ತಿದ್ದರು. ದಣಿವಾಯಿತೇ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು. ದಸರೆಯ ಹೊತ್ತಿಗೆ ನಾನು ಕೋಲು ಬಿಟ್ಟೆ. ಅಂದು ನನ್ನನ್ನು ಗರಗಸದ ಮುಂದೆ ನಿಲ್ಲಿಸಿ, "ಸಾಕಪ್ಪ, ನನ್ನ ಮಣಿ ನನಗ ಕೊಡು" ಎಂದು ನಗುತ್ತ ಹೋಗಿ ಕುಳಿತರು. ಆ ಮಿಲ್ಲಿನ ದುಡಿಮೆಯಲ್ಲೇ ನನ್ನ ಮಕ್ಕಳು ಬೆಳೆದರು.

ಕೆಲವು ವರ್ಷಗಳ ನಂತರ ಚಾಚಾ ತೀರಿಕೊಂಡರು. ಮಾತನಾಡಿಸಲು ಅವರು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹಳಿಯಾಳದ ಮನೆಗೆ ಹೋದಾಗ ಅವರ ಹೆಂಡತಿ ಚಾಚಿ ಹಳೆಯ ದಿನಗಳನ್ನು ನೆನೆಯುತ್ತ, "ಒಂದು ವರ್ಷ ಕುಂತು ಕುಂತು ಬ್ಯಾಸರಾತು ಅಂತ ತಾವಾಗೇ ನಿಂತು ಮಾಡೂ ಕೆಲಸ ಕೇಳಿ ತಗೊಂಡಿದ್ರು ನೋಡು" ಎಂದರು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ಅದಕ್ಕ ಆಗ ದಿನಾ ಮನಿಗೆ ಬಂದ ಕೂಡ್ಲೆ ಕಾಲಿಗೆ ಬಿಸಿನೀರು ಕೇಳ್ತಿದ್ರು."