ತುದಿಯ ತುಂಡು

ಅತ್ತಿಗೆ ಶುದ್ಧ ಸ್ವಾರ್ಥಿ. ಈ ವಿಷಯದಲ್ಲಿ ನಾದಿನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಣ್ಣ ತೀರಿಕೊಂಡ ಮೇಲೆ ಚೀಸ್ ಅಂಗಡಿಯನ್ನು ಇವರಿಬ್ಬರೇ ನಡೆಸುತ್ತಿದ್ದರು. ಮಧ್ಯಾಹ್ನ ಬಾಗಿಲು ಅರ್ಧ ಎಳೆದು, ಯಾವುದಾದರೊಂದು ಚೀಸಿನ ರುಚಿ ನೋಡುವುದು ರೂಢಿ. ದುಂಡನೆಯ ಚೀಸನ್ನು ತ್ರಿಕೋನವಾಗಿ ಕೊಯ್ದರೆ, ನಡುಮಧ್ಯದಿಂದ ಬರುವ ಚೂಪು ತುದಿಯೇ ಎಲ್ಲಕ್ಕಿಂತ ಮೃದು, ಎಲ್ಲಕ್ಕಿಂತ ರುಚಿ. ಅದು ತಪ್ಪದೆ ಅತ್ತಿಗೆಯ ಬಾಯಿಗೆ. ಸಿಪ್ಪೆಯ ಕಡೆಯ ಗಟ್ಟಿ ಅಂಚು ನಾದಿನಿಯ ತಟ್ಟೆಗೆ. ಗೊಣಗಿದರೆ, "ಚಾಕು ಯಾರ ಕೈಲಿದೆ ನೋಡ್ಕೋ" ಎನ್ನುವಳು.

ಒಂದು ಬೆಳಿಗ್ಗೆ ಮೇಲಿನ ಮಹಡಿಯಿಂದ ಕಟ್ಟಡದ ಮಾಲೀಕರು ಮೂಗಿಗೆ ಕರ್ಚೀಫು ಒತ್ತಿಕೊಂಡು ಇಳಿದು ಬಂದರು.

"ಏನಮ್ಮಾ, ಇದು ಅಂಗಡಿನೋ ಒದ್ದೆ ಸಾಕ್ಸಿನ ಗೋದಾಮೋ? ಮೆಟ್ಟಿಲು ಹತ್ತೋರೆಲ್ಲ ನನ್ನ ಕಾಲು ನೋಡ್ತಾರೆ! ತಿಂಗಳ ಕೊನೆಗೆ ಖಾಲಿ ಮಾಡಿ."

ನಾದಿನಿ ಗಾಬರಿಯಿಂದ ಅತ್ತಿಗೆಯತ್ತ ತಿರುಗಿದಳು. ಇಬ್ಬರಿಗೂ ಬೇರೆ ಕಸುಬು ಗೊತ್ತಿಲ್ಲ. ಚೀಸು ಮಾಗಿಸಲು ಅಂಗಡಿಯ ಕೆಳಗಿರುವಂಥ ತಂಪು ನೆಲಮಾಳಿಗೆ ಇನ್ನೆಲ್ಲೂ ಸಿಗದು. ಅತ್ತಿಗೆ ಮಾತ್ರ ನಿಧಾನವಾಗಿ ಕೈ ಒರೆಸಿಕೊಂಡಳು.

"ನಾರೋದು ಒಂದೇ ಚೀಸು, ಸ್ವಾಮಿ. ನಾಲ್ಕು ಬಗೆ ಕೊಡ್ತೀನಿ, ತಿಂದು ನೋಡಿ. ಅದ್ಯಾವುದು ಅಂತ ಸರಿಯಾಗಿ ಹೇಳಿದ್ರೆ ನಾಳೆನೇ ಬೀಗದ ಕೈ ನಿಮಗೆ. ತಪ್ಪಿದ್ರೆ ಈ ಮಾತು ಮತ್ತೆ ಎತ್ತಬಾರದು."

"ಅಯ್ಯೋ ಅತ್ತಿಗೆ!"

"ನೀನು ಸುಮ್ನಿರೇ. ತಟ್ಟೆ ತಾ."

ಒಳಕೋಣೆಯಲ್ಲಿ ಸಿಪ್ಪೆಗಳನ್ನೆಲ್ಲ ಹೆರೆದು, ಚಾಕು ತೊಳೆದು, ಅವಳು ನಾಲ್ಕು ಚೂರುಗಳನ್ನು ತಂದಿಟ್ಟಳು.

ಮೊದಲನೆಯದು ಆಡಿನ ಹಾಲಿನದು, ಅಚ್ಚ ಬಿಳುಪು. "ಮೊಸರಿನ ಹಾಗೆ ಹುಳಿ. ಇದಲ್ಲ." ಎರಡನೆಯದು ಎರಡು ವರ್ಷ ಮಾಗಿದ ಗಟ್ಟಿ ಚೀಸು; ಹಲ್ಲಿನಡಿ ಸಣ್ಣ ಹರಳುಗಳು ಕಟಕಟ ಎಂದವು. ಮಾಲೀಕರ ಕರ್ಚೀಫು ಜೇಬಿಗೆ ಹೋಯಿತು. ಮೂರನೆಯದು ಹೊಂಬಣ್ಣದ್ದು, ನಾಲಿಗೆಯ ಮೇಲೆ ಕರಗಿತು. ಅವರು ಕಣ್ಣು ಮುಚ್ಚಿದರು.

"ಬೆಣ್ಣೆ ಥರ... ಅಲ್ಲ, ಹುರಿದ ಬಾದಾಮಿ ಥರ. ಇನ್ನೊಂದು ಚೂರು ಇದೆಯಾ?"

ಅತ್ತಿಗೆ ಕೊಟ್ಟಳು. ನಾದಿನಿ ಗೋಡೆಗೆ ಒರಗಿ ಅವರ ಬಾಯನ್ನೇ ನೋಡುತ್ತಿದ್ದಳು.

ನಾಲ್ಕನೆಯದರ ಮೈತುಂಬ ನೀಲಿ ಗೆರೆ. ಬಾಯಿಗಿಟ್ಟೊಡನೆ ಮಾಲೀಕರು ಮುಖ ಕಿವುಚಿ ಮೇಜು ಕುಟ್ಟಿದರು. "ಇದೇ! ಕಳ್ಳ ಸಿಕ್ಕಿಬಿದ್ದ!"

ಅತ್ತಿಗೆ ಒಳಗಿನಿಂದ ಒಂದು ಸಿಪ್ಪೆ ತಂದು ಅವರ ಮೂಗಿನ ಕೆಳಗೆ ಹಿಡಿದಳು. ಕಿತ್ತಳೆ ಬಣ್ಣ, ಅಂಟಂಟು. ಕರ್ಚೀಫು ತಾನಾಗಿ ಮೇಲೆದ್ದಿತು.

"ಕೇಳಿ ಎರಡು ಸಲ ತಿಂದ್ರಲ್ಲ, ಅದರ ಅಂಗಿ ಇದು. ನಾತವೆಲ್ಲ ಇದರದ್ದೇ."

ಮಾಲೀಕರು ಅವಳನ್ನು ನೋಡಿದರು, ಸಿಪ್ಪೆಯನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೋತೆ ಕಣಮ್ಮಾ. ಕಾಲು ಕಿಲೋ ಕಟ್ಟು. ಅಂಗಿ ಬೇಡ."

ಸುದ್ದಿ ಅವರಿಗಿಂತ ಮೊದಲೇ ಮೆಟ್ಟಿಲು ಹತ್ತಿತು. ಸಂಜೆಗೆ ಮಹಡಿಯವರೆಲ್ಲ ಅಂಗಡಿಯ ಮುಂದೆ. "ಮಾಲೀಕರು ಎರಡು ಸಲ ತಿಂದಿದ್ದು ಯಾವುದ್ರೀ? ಅದನ್ನೇ ಕೊಡಿ."

ಕೊನೆಗೆ ಉಳಿದದ್ದು ಒಂದೇ ತ್ರಿಕೋನ. ಬಾಗಿಲೆಳೆದು ಅತ್ತಿಗೆ ಅದನ್ನು ಕೊಯ್ದಳು. ನಾದಿನಿ ಎಂದಿನಂತೆ ಮುಖ ತಿರುಗಿಸಿಕೊಂಡಿದ್ದಳು. ತಟ್ಟೆ ಸರಿದು ಬಂದು ಅವಳ ಕೈಗೆ ತಾಕಿತು. ಅದರಲ್ಲಿ ಚೂಪು ತುದಿಯಿತ್ತು.

ಅವಳು ಅದನ್ನೆತ್ತಿ ಮೂಸಿದಳು. "ಅತ್ತಿಗೆ, ಇದೇನು ಕೆಟ್ಟುಹೋಗಿದೆಯಾ?"

ಅತ್ತಿಗೆ ಇಲ್ಲವೆಂದು ತಲೆಯಾಡಿಸಿದಳು. ಅವಳ ಬಾಯಿತುಂಬ ಗಟ್ಟಿ ಅಂಚು ಇತ್ತು.