ಎಂಟು ಹನಿ, ಒಂದು ಮಾತ್ರೆ

ಕಳೆದ ವಾರ ಕೃಷ್ಣರಾಜಪುರದ ಮೆಡಿಕಲ್ ಶಾಪಿನಲ್ಲಿ ಅಮ್ಮನ ವಸಡಿನ ನೋವಿಗೆಂದು ವಿಟಮಿನ್ ಸಿ ಮಾತ್ರೆ ಕೊಂಡೆ. ಚೀಪುವ ಮಾತ್ರೆ, ಕಿತ್ತಳೆ ಬಣ್ಣದ್ದು. ಮನೆಗೆ ಬಂದು ಒಂದನ್ನು ಒತ್ತಿ ತೆಗೆದಾಗ ಹುಳಿಹುಳಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ, ಎಲ್ಲೂ ಇಲ್ಲದ ಸ್ಪಿರಿಟ್ ದೀಪದ ವಾಸನೆ... ಲ್ಯಾಬ್ ಅಂಕಲ್ ನೆನಪಾದರು.

ತೊಂಬತ್ತರ ದಶಕದ ಆರಂಭ. ಹಲಸೂರಿನ ವಠಾರವೊಂದರಲ್ಲಿ ನಾನು, ಅಮ್ಮ ಇಬ್ಬರೇ ಇದ್ದೆವು. ಅಪ್ಪ ಸಕ್ಕರೆ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಒಂಬತ್ತು. ಜೋರು ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಹೆಚ್ಚಿತ್ತು. ಜ್ವರ ಬಿಟ್ಟ ಮೇಲೆ ಮಾಡಿಸಿದರೆ ಸರಿಯಾಗಿತ್ತು. "ಜ್ವರಕ್ಕೆ ಏರಿರಬಹುದು, ಕಾಯಿಲೆ ಶುರುವಾಗಿರಲೂಬಹುದು. ಈಗ್ಲೇ ಹೇಳೋಕಾಗಲ್ಲಮ್ಮ. ಮನೇಲಿ ದಿನಾ ಮೂತ್ರ ಪರೀಕ್ಷೆ ಮಾಡಿ, ನೋಡೋಣ" ಎಂದರು ಡಾಕ್ಟರು. ಇದೆ ಎಂದಿದ್ದರೆ ಅಮ್ಮ ಅತ್ತು ಸುಮ್ಮನಾಗುತ್ತಿದ್ದಳೇನೋ. ಇರಬಹುದು ಎಂಬ ಮಾತು ಅವಳ ನಿದ್ದೆ ಕೆಡಿಸಿತು. ಮನೆಯಲ್ಲಿ ಸಿಹಿ ಬಂದ್ ಆಯಿತು. ಕ್ಲಾಸಿನಲ್ಲಿ ಹುಟ್ಟುಹಬ್ಬದ ಚಾಕೊಲೇಟ್ ಡಬ್ಬಿ ನನ್ನನ್ನು ದಾಟಿ ಮುಂದೆ ಹೋಗುತ್ತಿತ್ತು. ಇದು ಅಂಟುರೋಗವೆಂದು ಯಾರೋ ಹೇಳಿ, ಪಕ್ಕದ ಹುಡುಗಿ ಬೆಂಚು ಬದಲಿಸಿದಳು.

ನಮ್ಮ ಮನೆಯ ಹಿಂಬದಿಯ ಮನೆಯಲ್ಲಿದ್ದವರು ಲ್ಯಾಬ್ ಅಂಕಲ್. ಕಾರ್ಖಾನೆಯೊಂದರ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ರಿಟೈರ್ ಆದವರು, ಒಂಟಿ ಜೀವ. "ಅದಕ್ಯಾಕೆ ಯೋಚ್ನೆ, ನಾನ್ ಮಾಡ್ಕೊಡ್ತೀನಮ್ಮ" ಎಂದು ತಾವಾಗಿಯೇ ಬಂದರು. ದಿನಾ ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಸ್ಪಿರಿಟ್ ದೀಪ ಹಚ್ಚುತ್ತಿದ್ದರು. ಟೆಸ್ಟ್ ಟ್ಯೂಬಿನಲ್ಲಿ ನೀಲಿ ದ್ರಾವಣ, ಅದಕ್ಕೆ ನನ್ನ ಮೂತ್ರದ ಎಂಟೇ ಎಂಟು ಹನಿ. ಕಾಯಿಸಿದ ಮೇಲೂ ನೀಲಿ ಉಳಿದರೆ ಸಕ್ಕರೆಯಿಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಬಣ್ಣವಾದರೆ ತುಂಬಾ. ಒಂಬತ್ತನೇ ಹನಿ ಬಿದ್ದರೆ ಎಲ್ಲ ಚೆಲ್ಲಿ ಮೊದಲಿಂದ ಶುರು. "ಲೆಕ್ಕ ತಪ್ಪಿದ್ರೆ ಬಣ್ಣ ಸುಳ್ಳು ಹೇಳುತ್ತೆ ಕಣಮ್ಮಾ" ಎನ್ನುತ್ತಿದ್ದರು. ಆಮೇಲೆ ಅಮ್ಮ ಒಂದು ಲೋಟ ಕಾಫಿ ಕೊಡುತ್ತಿದ್ದಳು. ಆ ದಿನಗಳಲ್ಲಿ ನನ್ನ ಜೊತೆ ಕೂತು ಮಾತಾಡುತ್ತಿದ್ದವರು ಅವರೊಬ್ಬರೇ.

ಮೊದಮೊದಲು ನೀಲಿಯೇ ಇತ್ತು. ಸಿಹಿಗಾಗಿ ಅಳುತ್ತಿದ್ದ ನನ್ನನ್ನು ನೋಡಲಾರದೆ ಅಂಕಲ್ ಒಂದು ಬಾಟಲಿ ಕಿತ್ತಳೆ ಮಾತ್ರೆ ತಂದುಕೊಟ್ಟರು. "ಇದು ಮಿಠಾಯಿ ಅಲ್ಲ, ವಿಟಮಿನ್. ದಿನಕ್ಕೊಂದೇ, ಆಯ್ತಾ?" ಎಂದರು. ಸಂಜೆ ಅಮ್ಮ ಆಫೀಸಿನಿಂದ ಬರುವವರೆಗೆ ಮನೆಯಲ್ಲಿ ನಾನೊಬ್ಬಳೇ. ಒಂದು ಎರಡಾಯಿತು, ಎರಡು ಐದಾಯಿತು... ಬಾಟಲಿ ಇಷ್ಟು ಬೇಗ ಖಾಲಿಯಾಯಿತೇ ಎಂದು ಅಂಕಲ್ ಕೇಳಿದಾಗ, ಚೆಲ್ಲಿಹೋಯಿತು ಎಂದೆ. ಪಾಪ, ಇನ್ನೊಂದು ತಂದರು.

ಅಷ್ಟರಲ್ಲಿ ಟ್ಯೂಬು ಹಸಿರಾಗತೊಡಗಿತ್ತು. ಅಮ್ಮ ಅಪ್ಪ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ ಹಳೆಯ ಗಾಜಿನ ಸಿರಿಂಜನ್ನು ಅಟ್ಟದಿಂದ ಇಳಿಸಿ, ತೊಳೆದು ಕುದಿಸಿಟ್ಟಳು. ನಾನು ಅದನ್ನು ನೋಡಿದೆ. ನೋಡಿದ ಮೇಲೆ ಹೆದರಿಕೆಗೆ ಇನ್ನೂ ಎರಡು ಮಾತ್ರೆ ತಿಂದೆ.

ಮೂವರೂ ಶಿವಾಜಿನಗರದ ಡಾಕ್ಟರ ಬಳಿ ಹೋದೆವು. ರಕ್ತದಲ್ಲಿ ಮತ್ತೆ ಏನೂ ಇರಲಿಲ್ಲ. ರಕ್ತದಲ್ಲಿಲ್ಲದ್ದು ಮೂತ್ರದಲ್ಲಿ ಹೇಗೆ ಬಂತು ಎಂದು ತಲೆ ಕೆರೆದುಕೊಂಡ ಡಾಕ್ಟರು, ಬೇರೇನಾದರೂ ಮಾತ್ರೆ ಕೊಡುತ್ತಿದ್ದೀರಾ ಎಂದು ಕೇಳಿದರು. ಅಂಕಲ್ ವಿಟಮಿನ್ ಸಿ ಎಂದರು.

"ಅದು ಜಾಸ್ತಿಯಾದ್ರೂ ಈ ನೀಲಿ ಹಸಿರಾಗುತ್ತೆ. ದಿನಕ್ಕೆ ಎಷ್ಟು ಕೊಡ್ತಿದ್ರಿ?"

ಅಂಕಲ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಲೆಕ್ಕ ಇಟ್ಟಿಲ್ಲ ಸಾರ್. ಕೇಳ್ದಾಗೆಲ್ಲಾ ಕೊಡ್ತಿದ್ದೆ."

ಒಂಬತ್ತನೇ ಹನಿ ಬೀಳಲು ಬಿಡದ ಮನುಷ್ಯ ಹಾಗೆಂದರು. ಹೊರಗೆ ಬಂದದ್ದೇ ಅಮ್ಮ ಸಿಡಿದಳು. "ಬೇಲೀನೇ ಎದ್ದು ಹೊಲ ಮೇಯ್ದಂಗಾಯ್ತಲ್ರೀ! ಸಿರಿಂಜ್ ಕುದಿಸಿಟ್ಟಿದ್ದೆ ನಾನು, ಗೊತ್ತಾ ನಿಮ್ಗೆ?" ಅಂಕಲ್ "ತಪ್ಪಾಯ್ತಮ್ಮ" ಎಂದರು, ಅಷ್ಟೇ.

ಮಾತ್ರೆ ನಿಂತಿತು, ಟ್ಯೂಬು ನೀಲಿಯಾಯಿತು. ಖಾತ್ರಿಯಾಗಲೆಂದು ಅಂಕಲ್ ಇನ್ನೂ ಮೂರು ದಿನ ಬೆಳಗ್ಗೆ ಬಂದರು. ಅಮ್ಮ ಒಳಗಿಂದ ಹೊರಬರಲಿಲ್ಲ. ಮೂರನೆಯ ದಿನ ಟ್ಯೂಬು ತೊಳೆದು, ದೀಪದ ಜೊತೆ ಚೀಲಕ್ಕೆ ಹಾಕಿಕೊಂಡು, ನನ್ನ ತಲೆ ಸವರಿ ಹೋದರು. ಕೆಲವು ತಿಂಗಳಾದ ಮೇಲೆ ಕಗ್ಗದಾಸಪುರದ ತಮ್ಮನ ಮನೆಗೆ ಹೊರಟುಹೋದರು. ಚಾಕೊಲೇಟ್ ಡಬ್ಬಿ ಈಗ ನನ್ನ ಮುಂದೆಯೂ ನಿಲ್ಲುತ್ತಿತ್ತು. ಆದರೆ ಬೆಳಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತರೆ ಮಾತಿಗೆ ಯಾರೂ ಇರಲಿಲ್ಲ. ಕಾಯಿಲೆಯ ದಿನಗಳಲ್ಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ಹೋಗಿ ನಿಜ ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು... ಕಾಲೇಜಿನಲ್ಲಿದ್ದಾಗ ಅವರು ತೀರಿಕೊಂಡ ಸುದ್ದಿ ಬಂತು.

ಕಳೆದ ವಾರ ಆ ಮಾತ್ರೆಯನ್ನು ಅಮ್ಮನ ಕೈಗಿಡುತ್ತಾ ಹೇಳಿಬಿಟ್ಟೆ, "ಅಂಕಲ್ ದಿನಕ್ಕೊಂದೇ ಅಂದಿದ್ರಮ್ಮ. ಕದ್ದು ತಿಂದಿದ್ದು ನಾನು."

ಅಮ್ಮ ಕುಡಿಯುತ್ತಿದ್ದ ಲೋಟ ಕೆಳಗಿಟ್ಟಳು. "ಮೂರು ದಿನ ಬಂದ್ರಲ್ಲೇ... ಒಂದ್ ಲೋಟ ಕಾಫೀನೂ ಕೊಡ್ಲಿಲ್ವಲ್ಲೇ ನಾನು" ಎಂದಳು.

ಅವಳ ಕಾಫಿ ಆರಿಹೋಯಿತು. ಬಿಸಿ ಮಾಡಿಕೊಡಲು ನಾನೂ ಏಳಲಿಲ್ಲ.